ಶಸ್ತ್ರಚಿಕಿತ್ಸೆಗೆ ಮೊದಲಿನ ಎರಡು ವಾರ

ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸಲು ಕೂರುವವರಲ್ಲಿ ನಾನೂ ಒಬ್ಬ. ಓದಿದ್ದು ಬಿ.ಕಾಂ., ನಿವೃತ್ತನಾಗಿದ್ದು ಬ್ಯಾಂಕಿನ ಸಾಲ ವಿಭಾಗದಿಂದ. ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಬಿಲ್ ಓದಲು ಬರುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆಯ ಬಿಲ್ಲುಗಳಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಒಂದೇ ಬಗೆಯ ಶಸ್ತ್ರಚಿಕಿತ್ಸೆ, ಒಂದೇ ಪ್ಯಾಕೇಜ್; ಒಬ್ಬರ ಖರ್ಚು ಮೊದಲು ಕೊಟ್ಟ ಅಂದಾಜಿನೊಳಗೇ ಮುಗಿಯುತ್ತದೆ, ಇನ್ನೊಬ್ಬರದ್ದು ಮಿತಿ ಮೀರುತ್ತದೆ. ಮೀರಿದ ಭಾಗದಲ್ಲಿ ಕಾಣುವುದು ಐ.ಸಿ.ಯು. ದಿನಗಳು, ವೆಂಟಿಲೇಟರ್, ದುಬಾರಿ ಆ್ಯಂಟಿಬಯೋಟಿಕ್. ಮನೆಯವರನ್ನು ಕೇಳಿದರೆ, "ಹಾರ್ಟ್ ಆಪರೇಷನ್ ಚೆನ್ನಾಗೇ ಆಯ್ತು ಸಾರ್, ಆಮೇಲೆ ಕಫ ಕಟ್ಟಿ ನ್ಯುಮೋನಿಯಾ ಆಯ್ತು" ಎನ್ನುತ್ತಾರೆ.

ಹೃದಯ ರಿಪೇರಿಯಾದ ಮೇಲೆ ಶ್ವಾಸಕೋಶ ಏಕೆ ಕೈಕೊಡುತ್ತದೆ? ಅರಿವಳಿಕೆ ಕೊಟ್ಟು ಗಂಟೆಗಟ್ಟಲೆ ಅಂಗಾತ ಮಲಗಿಸಿದಾಗ ಶ್ವಾಸಕೋಶದ ಕೆಳಭಾಗ ಪೂರ್ತಿ ಅರಳುವುದಿಲ್ಲ. ಎದೆಯ ನಡುವಿನ ಮೂಳೆಯನ್ನು ಸೀಳಿ ಮತ್ತೆ ತಂತಿಯಿಂದ ಕಟ್ಟಿರುತ್ತಾರೆ. ಆ ನೋವಿಗೆ ಹೆದರಿ ರೋಗಿ ಮೇಲುಸಿರು ತೆಗೆದುಕೊಳ್ಳುತ್ತಾನೆ, ಕೆಮ್ಮುವುದೇ ಇಲ್ಲ. ಗಾಳಿಯಾಡದ ಜಾಗದಲ್ಲಿ ಕಫ ನಿಂತು ಸೋಂಕಿಗೆ ದಾರಿಯಾಗುತ್ತದೆ. ಬೀಡಿ ಸಿಗರೇಟು ಸೇದಿದವರಿಗೆ, ಹಳೆಯ ಕೆಮ್ಮು, ಮಧುಮೇಹ ಅಥವಾ ಬೊಜ್ಜು ಇರುವವರಿಗೆ, ಎಪ್ಪತ್ತು ದಾಟಿದವರಿಗೆ ಈ ಅಪಾಯ ಹೆಚ್ಚು.

ಇದರ ಬಗ್ಗೆ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದು, 2006ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನು ದಾನಿಗಳೆಲ್ಲ ತಿಳಿಯಬೇಕು. ಬೈಪಾಸಿಗೆ ಸರದಿಯಲ್ಲಿದ್ದವರ ಪೈಕಿ ಶ್ವಾಸಕೋಶದ ತೊಂದರೆಯಾಗುವ ಸಂಭವ ಹೆಚ್ಚಿದ್ದ 279 ಜನರನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯ ಆರೈಕೆ: ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಹೇಗೆ ಉಸಿರೆಳೆಯಬೇಕು, ಹೇಗೆ ಕೆಮ್ಮಬೇಕು ಎಂದು ಹೇಳಿಕೊಡುವುದು. ಇನ್ನೊಂದು ಗುಂಪಿಗೆ ಕನಿಷ್ಠ ಎರಡು ವಾರ ಮೊದಲೇ ಉಸಿರಾಟದ ಸ್ನಾಯುಗಳಿಗೆ ತಾಲೀಮು. ಬಾಯಿಗೆ ಹಿಡಿಯುವ ಚಿಕ್ಕ ಕೊಳವೆ, ಅದರೊಳಗೆ ಸ್ಪ್ರಿಂಗ್ ಇರುವ ಕವಾಟ. ಸಾಕಷ್ಟು ಬಲ ಹಾಕಿ ಉಸಿರೆಳೆದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ರೋಗಿಯ ಪೂರ್ಣ ಶಕ್ತಿಯ ಶೇ. 30ರಿಂದ ಆರಂಭಿಸಿ, ಒಗ್ಗಿದ ಹಾಗೆ ಹೆಚ್ಚಿಸುತ್ತಾ ಹೋದರು. ದಿನಕ್ಕೆ 20 ನಿಮಿಷ. ವಾರದಲ್ಲಿ ಆರು ದಿನ ತಾವಾಗಿಯೇ, ಒಂದು ದಿನ ಫಿಸಿಯೋಥೆರಪಿಸ್ಟ್ ಎದುರಿನಲ್ಲಿ. ಅಷ್ಟೇ.

ಫಲಿತಾಂಶವನ್ನು ನಮ್ಮ ಲೆಕ್ಕದ ಪುಸ್ತಕದ ಹಾಗೆ ಎಡಬಲ ಇಟ್ಟು ನೋಡಿ. ವಾಡಿಕೆಯ ಗುಂಪಿನ 137 ಜನರಲ್ಲಿ 48 ಮಂದಿಗೆ, ಅಂದರೆ ಶೇ. 35 ಜನರಿಗೆ ಶ್ವಾಸಕೋಶದ ತೊಂದರೆಯಾಯಿತು. ತಾಲೀಮು ಮಾಡಿದ 139 ಜನರಲ್ಲಿ 25 ಮಂದಿಗೆ, ಶೇ. 18. ನ್ಯುಮೋನಿಯಾ ಒಂದನ್ನೇ ತೆಗೆದುಕೊಂಡರೆ 22ಕ್ಕೆ ಎದುರು 9. ಇದಕ್ಕೆ ಹೊಸ ಔಷಧ ಬೇಕಾಗಲಿಲ್ಲ, ಕೋಟಿ ರೂಪಾಯಿಯ ಯಂತ್ರವೂ ಬೇಕಾಗಲಿಲ್ಲ.

ಒಂದೇ ಆಸ್ಪತ್ರೆಯ ಅಂಕಿ ಅಂಶ ನಂಬಿ ಸಾಲ ಮಂಜೂರು ಮಾಡುವವನಲ್ಲ ನಾನು. ಆದ್ದರಿಂದ ಮುಂದೆಯೂ ಹುಡುಕಿದೆ. ಹೃದಯ ಶಸ್ತ್ರಚಿಕಿತ್ಸೆಗೆ ಮೊದಲಿನ ಇಂಥ ತರಬೇತಿಯ ಬಗ್ಗೆ ನಡೆದ 8 ಅಧ್ಯಯನಗಳನ್ನು, ಒಟ್ಟು 856 ರೋಗಿಗಳನ್ನು, ಕೊಕ್ರೇನ್ ಸಂಸ್ಥೆಯವರು 2012ರಲ್ಲಿ ಒಟ್ಟಿಗಿಟ್ಟು ಪರಿಶೀಲಿಸಿದ್ದಾರೆ. ನ್ಯುಮೋನಿಯಾ ಕಡಿಮೆಯಾಯಿತು, ಆಸ್ಪತ್ರೆಯ ವಾಸವೂ ಕಡಿಮೆಯಾಯಿತು ಎಂಬುದು ಅಲ್ಲೂ ಕಂಡಿದೆ. ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ದಾನ ಕೇಳುವುದು ಸರಿಯಲ್ಲ. ಶ್ವಾಸಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮೊದಲು ವ್ಯಾಯಾಮ ಮಾಡಿಸಿದ ಅಧ್ಯಯನಗಳ ಬಗ್ಗೆ ಅದೇ ಸಂಸ್ಥೆ 2017ರಲ್ಲಿ ವರದಿ ಕೊಟ್ಟಿತು. ತೊಂದರೆಯ ಸಂಭವ ಶೇ. 67ರಷ್ಟು ಇಳಿಯಿತು ಎನ್ನುತ್ತದೆ ಅದು. ಆದರೆ 5 ಅಧ್ಯಯನ ಸೇರಿ ಇದ್ದವರು 167 ಜನ ಮಾತ್ರ. ಅಂಕಿ ದೊಡ್ಡದು, ತಳಪಾಯ ಚಿಕ್ಕದು. ತಂಬಾಕಿನ ವಿಷಯದಲ್ಲಿ ಇಂಥ ಅನುಮಾನವಿಲ್ಲ: ಶಸ್ತ್ರಚಿಕಿತ್ಸೆಗೆ ನಾಲ್ಕು ವಾರವಾದರೂ ಮೊದಲು ಬಿಟ್ಟರೆ ತೊಂದರೆಗಳು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಈಗ ನಮ್ಮ ನಿಧಿಯ ವಿಷಯ. ಊರಿನಿಂದ ಮುಂಬಯಿಗೆ ಬಂದು, ನೆಂಟರ ಚಾಳಿನ ಒಂದು ಕೋಣೆಯಲ್ಲಿ ಉಳಿದು, ದೊಡ್ಡ ಆಸ್ಪತ್ರೆಯಲ್ಲಿ ತಾರೀಖಿಗಾಗಿ ಕಾಯುವ ರೋಗಿಗಳನ್ನು ನಾವೆಲ್ಲ ಬಲ್ಲೆವು. ಕೆಲವೊಮ್ಮೆ ಕಾಯುವುದೇ ವಾರಗಟ್ಟಲೆ. ಆ ದಿನಗಳಲ್ಲಿ ಅವರಿಗೆ ನಮ್ಮಿಂದ ಏನೂ ಸಿಗುವುದಿಲ್ಲ. ನಮ್ಮ ನಿಯಮದ ಪ್ರಕಾರ ಚೆಕ್ ಹೋಗುವುದು ಆಸ್ಪತ್ರೆಯ ಹೆಸರಿಗೆ, ದಾಖಲಾದ ಮೇಲೆ. ಹಣ ದುರುಪಯೋಗವಾಗದಿರಲಿ ಎಂದು ಹಿರಿಯರು ಮಾಡಿದ ನಿಯಮ ಅದು, ಅದನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಒಂದು ಸಣ್ಣ ಬಾಬತ್ತು ತೆರೆಯೋಣ ಎನ್ನುತ್ತೇನೆ: ಫಿಸಿಯೋಥೆರಪಿಸ್ಟ್ ಶುಲ್ಕ, ಉಸಿರಿನ ಸಾಧನ, ಹೋಗಿಬರುವ ಲೋಕಲ್ ಟಿಕೆಟ್ಟು. ಐ.ಸಿ.ಯು.ನಲ್ಲಿ ಹೆಚ್ಚಾಗುವ ಒಂದು ದಿನದ ಬಾಡಿಗೆಯ ಮುಂದೆ ಇದು ಚಿಲ್ಲರೆ.

"ನಿಮ್ಮ ಹಣದಿಂದ ಒಂದು ಆಪರೇಷನ್ ಆಯಿತು" ಎಂದು ಹೇಳುವುದು ಸುಲಭ. "ನಿಮ್ಮ ಹಣದಿಂದ ಒಬ್ಬರಿಗೆ ನ್ಯುಮೋನಿಯಾ ಆಗಲಿಲ್ಲ" ಎಂದರೆ ಯಾವ ದಾನಿ ಫೋಟೋಕ್ಕೆ ನಿಲ್ಲುತ್ತಾರೆ ಎಂದು ನಮ್ಮ ಕೋಶಾಧಿಕಾರಿಗಳು ನಗುತ್ತಾ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆಗದೇ ಹೋದ ಖರ್ಚಿಗೆ ರಸೀದಿ ಇರುವುದಿಲ್ಲ.

ಎರಡು ಎಚ್ಚರಿಕೆ. ಈ ತಾಲೀಮು ಎಲ್ಲರಿಗೂ ಅಲ್ಲ. ಕೂತಲ್ಲೇ ಎದೆನೋವು ಬರುವವರು, ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಾದವರು ಇದಕ್ಕೆ ಕೈಹಾಕಬಾರದು. ಶಸ್ತ್ರಚಿಕಿತ್ಸಕರ ಒಪ್ಪಿಗೆ ಕಾಗದದಲ್ಲಿ ಇರಲೇಬೇಕು. ಇನ್ನೊಂದು, ಔಷಧ ಅಂಗಡಿಯಲ್ಲಿ ಸಿಗುವ ಮೂರು ಚೆಂಡಿನ ಸಾಧನವೂ ಉಟ್ರೆಕ್ಟಿನಲ್ಲಿ ಬಳಸಿದ ಕವಾಟದ ಸಾಧನವೂ ಒಂದೇ ಅಲ್ಲ. ಯಾವುದು ಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಲಿ, ನಾವು ಊಹಿಸಿ ಕೊಳ್ಳುವುದು ಬೇಡ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಈ ವಿಷಯ ಬರೆದುಕೊಟ್ಟಿದ್ದೇನೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಅದಕ್ಕೆ ಮುಂಚೆಯೇ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ಅಲ್ಲಿಯವರೆಗೆ ಅರ್ಜಿ ನಮೂನೆಯಲ್ಲಿ ಎರಡು ಸಾಲು ಸೇರಿಸಲು ಅಧ್ಯಕ್ಷರು ಒಪ್ಪಿದ್ದಾರೆ: ಶಸ್ತ್ರಚಿಕಿತ್ಸೆಗೆ ಇನ್ನೆಷ್ಟು ದಿನ ಇದೆ? ರೋಗಿಗೆ ತಂಬಾಕಿನ ಅಭ್ಯಾಸ ಇದೆಯೇ?