ಬ್ರೇಕ್ ಹವಾ ತೆಗೆಯಲು ಪಂಪ್ ಬೇಕೆ?

ಪ್ರಶ್ನೆ: ಹಳೆಯ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿದೆ. ಮನೆಯಲ್ಲೇ ಹವಾ ತೆಗೆಯಲು ಪಂಪ್ ಕಿಟ್ ಕೊಳ್ಳಲೇ?
— ಓದುಗರು, ಶಹಾಪುರ

ಉತ್ತರ: ಪಂಪ್ ಬೇಡ, ಒಳ್ಳೆಯ ರಿಂಗ್ ಪಾನಾ ಕೊಳ್ಳಿ. ನಿಪ್ಪಲ್ ಹೆಚ್ಚಾಗಿ 8 ಅಥವಾ 10 ಎಂಎಂ ಇರುತ್ತದೆ. ನಿಮ್ಮದನ್ನು ಅಳೆದೇ ಹೋಗಿ. ಸವೆದ ಓಪನ್ ಪಾನಾ ಹಾಕಿದರೆ ತುಕ್ಕು ಹಿಡಿದ ನಿಪ್ಪಲ್‌ನ ಮೂಲೆಗಳು ಕಿತ್ತುಹೋಗುತ್ತವೆ, ಉಳಿಸಿದ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹನಿಸಿಡಿ.

ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಒಂದು ಬಾಟಲಿ, ಪೆಡಲ್ ತುಳಿಯಲು ಮನೆಯವರೊಬ್ಬರು ಇದ್ದರೆ ಸಾಕು. ಒಬ್ಬರೇ ಮಾಡುವುದಾದರೆ ವಾಲ್ವ್ ಇರುವ ಪೈಪು ತನ್ನಿ. ಪಂಪ್ ಬೇಡವೆಂದದ್ದು ಏಕೆಂದರೆ, ಕೈಪಂಪು ನಿಪ್ಪಲ್‌ನ ಥ್ರೆಡ್ ಸಂದಿನಿಂದಲೂ ಗಾಳಿ ಎಳೆಯುತ್ತದೆ. ಹವಾ ಹೋದರೂ ಗುಳ್ಳೆ ನಿಲ್ಲುವುದಿಲ್ಲ.

ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿ. ಡಾಟ್ 4 ದರ್ಜೆಯ ಆಯಿಲ್‌ಗೆ ಹೊಸದರಲ್ಲಿ ಕುದಿಬಿಂದುವಿನ ಕನಿಷ್ಠ ಮಿತಿ 230 ಡಿಗ್ರಿ. ನೀರು ಹೀರಿದಾಗ ಅದು 155. ಸೀಲ್ ಒಡೆದಿಟ್ಟ ಹಳೆಯ ಡಬ್ಬಿ ಅಗ್ಗಕ್ಕೆ ಸಿಕ್ಕರೂ ಬೇಡ. ಕೆಲಸದ ನಡುವೆ ಆಯಿಲ್ ಮಟ್ಟ ತಳಕ್ಕಿಳಿಯಬಾರದು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ.

ಇನ್ನು ಜಾಕ್. ನಮ್ಮ ಎರೆ ನೆಲದಲ್ಲಿ ಅದು ಹೂತುಕೊಳ್ಳುತ್ತದೆ, ಪರಸಿ ಹಾಸಿದ ಅಂಗಳವಾದರೆ ಕಲ್ಲೇ ಸೀಳಬಹುದು. ದಪ್ಪ ಹಲಗೆ ಇಡಿ, ಜತೆಗೆ ಸ್ಟ್ಯಾಂಡ್ ಕೊಡಿ.

ಎಬಿಎಸ್ ಘಟಕದೊಳಗೆ ಹವಾ ಸೇರಿದ್ದರೆ ಸ್ಕ್ಯಾನರ್ ಬೇಕಾಗಬಹುದು, ಅದು ಮನೆಯ ಕೆಲಸವಲ್ಲ. ಎಲ್ಲ ಮುಗಿದ ಮೇಲೂ ಪೆಡಲ್ ಕುಸಿದರೆ ಸುರಪುರದವರೆಗೂ ಓಡಿಸಬೇಡಿ. ಮೆಕ್ಯಾನಿಕ್‌ನನ್ನು ಯಾದಗಿರಿಯಿಂದಾದರೂ ಮನೆಗೇ ಕರೆಸಿ.