ಕೊಟೇಶನ್ ಕೇಳುವ ಮೊದಲು

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ಕೊಂಡ ಹಳೇ ಮನೆಯ ಮಹಡಿ ಬಾತ್‌ರೂಮು ಒಡೆಸಿ ಹೊಸದಾಗಿ ಮಾಡಿಸಬೇಕು ಅಂತಿದ್ದೀಯಂತೆ, ನಿನ್ನಪ್ಪ ಹೇಳಿದ. ಮೂರು ಕಡೆ ಕೇಳಿದ್ದಕ್ಕೆ ಒಬ್ಬ 95 ಸಾವಿರ ಅಂದ, ಇನ್ನೊಬ್ಬ ಒಂದೂಮುಕ್ಕಾಲು ಲಕ್ಷ ಅಂದ, ಮತ್ತೊಬ್ಬ "ಎರಡರ ಹತ್ತಿರ ಹೋಗುತ್ತೆ ಮೇಡಂ" ಅಂದನಂತೆ. ಇವರಲ್ಲಿ ಮೋಸಗಾರ ಯಾರು ಅನ್ನುವುದು ನಿನ್ನ ಪ್ರಶ್ನೆ. ನಿನ್ನ ವಯಸ್ಸಿನ ಇನ್ನೂ ನಾಲ್ಕಾರು ಜನ ಇದನ್ನೇ ಕೇಳಿದ್ದಾರೆ, ಅದಕ್ಕೇ ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ.

ನನಗನ್ನಿಸುವ ಮಟ್ಟಿಗೆ ಮೂವರಲ್ಲಿ ಯಾರೂ ಮೋಸಗಾರರಲ್ಲ. ಮೂವರೂ ಮೂರು ಬೇರೆ ಬೇರೆ ಕೆಲಸಕ್ಕೆ ರೇಟು ಹೇಳಿದ್ದಾರೆ. ಏನು ಕೆಲಸ ಅಂತ ನೀನು ಬರೆದುಕೊಟ್ಟಿಲ್ಲವಲ್ಲ, ಅವರವರ ತಲೆಗೆ ಹೊಳೆದಂತೆ ಅವರು ಲೆಕ್ಕ ಹಾಕಿಕೊಂಡಿದ್ದಾರೆ. ಲೋಕೋಪಯೋಗಿ ಇಲಾಖೆಯಲ್ಲಿ ಟೆಂಡರ್ ಕರೆಯುವ ಮೊದಲೇ ನಾವು ಕೂತು ಐಟಂ ಐಟಂ ಬರೆದು, ಅಳತೆ ಹಾಕಿ, ದರಪಟ್ಟಿ ನೋಡಿ ಅಂದಾಜು ಮಾಡಿಟ್ಟುಕೊಳ್ಳುತ್ತಿದ್ದೆವು. ಬಂದ ಕಂಟ್ರಾಕ್ಟರುಗಳೆಲ್ಲ ಅದೇ ಪಟ್ಟಿಯ ಮೇಲೆ ರೇಟು ಬರೆಯಬೇಕು. ಹಾಗಿದ್ದರೆ ಮಾತ್ರ ಒಬ್ಬನ ರೇಟನ್ನು ಇನ್ನೊಬ್ಬನ ಪಕ್ಕ ಇಟ್ಟು ನೋಡಲು ಬರುತ್ತದೆ. ಇಲಾಖೆಯ ಬಗ್ಗೆ ಜನ ಏನೇ ಬೈಯಲಿ, ಈ ಒಂದು ಪದ್ಧತಿ ಮಾತ್ರ ಮನೆಗೂ ತಂದುಕೊಳ್ಳುವಂಥದ್ದು.

ಅದಕ್ಕೆ ಎಂಜಿನಿಯರೇ ಆಗಬೇಕಿಲ್ಲ, ಒಂದು ಟೇಪು ಸಾಕು. ನಿನ್ನ ಬಾತ್‌ರೂಮು 7 ಅಡಿಗೆ 5 ಅಡಿ ಅಂದೆಯಲ್ಲ, ಗೋಡೆಯ ಸುತ್ತಳತೆ 24 ಅಡಿ ಆಯಿತು. 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 168 ಚದರ ಅಡಿ. ಎರಡೂವರೆ ಅಡಿ ಬಾಗಿಲು ಕಳೆದರೆ ಸುಮಾರು 150, ನೆಲದ 35 ಸೇರಿಸಿದರೆ 185. ಕಟಿಂಗ್ ವೇಸ್ಟೇಜ್ ಅಂತ ನೂರಕ್ಕೆ ಹತ್ತು ಹಿಡಿದರೂ 205 ದಾಟುವುದಿಲ್ಲ. ಯಾರಾದರೂ 260 ಬರೆದಿದ್ದರೆ ಜಗಳ ತೆಗೆಯಬೇಡ, ಟೇಪು ಅವನ ಕೈಗೇ ಕೊಟ್ಟು "ಇನ್ನೊಂದು ಸಲ ಅಳೆದುಬಿಡಿ" ಅನ್ನು. ವೆಂಟಿಲೇಟರಿನಷ್ಟು ಸಣ್ಣ ಕಿಂಡಿಯನ್ನು ಕಳೆಯದೆ ಇದ್ದರೆ ಅದು ವಾಡಿಕೆ, ಅದಕ್ಕೆ ಕೊಸರಾಡಬೇಡ.

ಹಣದ ವ್ಯತ್ಯಾಸ ಬರುವುದು ಟೈಲ್ಸಿನಲ್ಲಲ್ಲ, ಅದರ ಕೆಳಗೆ. ಮೂರೂ ಕೊಟೇಶನ್ನಿನಲ್ಲಿ "ವಾಟರ್‌ಪ್ರೂಫಿಂಗ್ ಸಮೇತ" ಅಂತ ಒಂದು ಸಾಲು ಇದ್ದೇ ಇರುತ್ತದೆ. ಒಬ್ಬ ಹಳೇ ನೆಲದ ಮೇಲೇ ಒಂದು ಕೆಮಿಕಲ್ ಬಳಿದು ಅದರ ಮೇಲೆ ಹೊಸ ಟೈಲ್ಸ್ ಅಂಟಿಸುತ್ತಾನೆ. ಇನ್ನೊಬ್ಬ ಸಂಕನ್ ಸ್ಲ್ಯಾಬಿನೊಳಗೆ, ಅಂದರೆ ಬಾತ್‌ರೂಮಿನಡಿ ತಗ್ಗಿಸಿ ಹಾಕಿದ ಸ್ಲ್ಯಾಬಿನೊಳಗೆ, ತುಂಬಿದ ಜಲ್ಲಿ ಇಟ್ಟಿಗೆ ಚೂರನ್ನೆಲ್ಲ ತೋಡಿ ತೆಗೆದು, ಸ್ಲ್ಯಾಬು ತೊಳೆದು, ಮೂಲೆಗಳನ್ನು ಗಾರೆಯಲ್ಲಿ ಗುಂಡಗೆ ಮಾಡಿ, ಎರಡು ಕೋಟು ಹೊಡೆದು, ಗೋಡೆಯ ಮೇಲಕ್ಕೂ ಒಂದಡಿ ಎಳೆದು, ನೀರು ನಿಲ್ಲಿಸಿ ನೋಡುತ್ತಾನೆ. ಕೆಳಗಿನ ಅಡುಗೆಮನೆ ಸೀಲಿಂಗಿನಲ್ಲಿ ನಿನಗೆ ತೇವ ಕಾಣುತ್ತಿದೆ ಅಂದಮೇಲೆ ಮೊದಲನೆಯದು ದಂಡ. ಆದ್ದರಿಂದ ಪಟ್ಟಿಯಲ್ಲಿ ಹೀಗೆ ಬರೆ: ಹಳೇ ಫಿಲ್ಲಿಂಗ್ ಪೂರ್ತಿ ತೆಗೆಯಬೇಕು, ಎಷ್ಟು ಕೋಟು, ಯಾವ ಕಂಪನಿ ಮಾಲು, ಟೈಲ್ಸ್ ಹಾಕುವ ಮೊದಲು 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಸೀಲಿಂಗ್ ನನಗೆ ತೋರಿಸಬೇಕು. ಈ ಒಂದು ಸಾಲು ಸೇರಿಸಿ ಮೂವರಿಗೂ ಮತ್ತೆ ಕಳಿಸಿ ನೋಡು. 95 ಸಾವಿರದವನು ತಾನಾಗಿಯೇ ಮೇಲೇರುತ್ತಾನೆ, ಇಲ್ಲವೇ ಫೋನ್ ಎತ್ತುವುದಿಲ್ಲ. ಎರಡೂ ನಿನಗೆ ಉತ್ತರವೇ.

"ಒಳ್ಳೇ ಕಂಪನಿ ಮಾಲು" ಅಂತ ಬರೆದಿದ್ದನ್ನು ಒಪ್ಪಬೇಡ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪು, ಗೀಸರ್‌ಗೆ 4 ಚದರ ಮಿಲಿಮೀಟರ್ ವೈರು, ವಾಶ್ ಬೇಸಿನ್ ಕೆಳಗೆ ಕಪಾಟು ಮಾಡಿಸುವುದಾದರೆ ಐಎಸ್ 710 ಮುದ್ರೆಯ ಪ್ಲೈವುಡ್ಡು ಅಂತ ಬಿಡಿಸಿ ಬರೆಸು. ಐಎಸ್ 303ರ ಮಾಮೂಲಿ ದರ್ಜೆಯದನ್ನು ಹಾಕಿದವನೂ ಪ್ಲೈವುಡ್ಡನ್ನೇ ಹಾಕಿದ್ದಾನೆ, ನೀರು ಬೀಳುವ ಜಾಗಕ್ಕೆ ಅದು ಬಾಳುವುದಿಲ್ಲ ಅಷ್ಟೆ. ನಲ್ಲಿ, ಕಮೋಡು, ಟೈಲ್ಸನ್ನು ನೀನೇ ಅಂಗಡಿಗೆ ಹೋಗಿ ಆರಿಸಿ ತಂದುಬಿಡು. ಅದರಲ್ಲಿ ನಿನ್ನ ರುಚಿಯ ಪ್ರಶ್ನೆ ಇದೆ, ಕಂಟ್ರಾಕ್ಟರಿಗೆ ಬಿಟ್ಟರೆ ಅವನ ಕಮಿಷನ್ನಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಯಾರ ಕೊಟೇಶನ್ನಿನಲ್ಲೂ ಇರದ ಕೆಲವು ಖರ್ಚುಗಳಿವೆ. ಒಡೆದ ಮಣ್ಣನ್ನು ಮಹಡಿಯಿಂದ ಇಳಿಸುವವರು ಯಾರು? ಎಲ್ಲಿಗೆ ಸಾಗಿಸುತ್ತಾರೆ? ರಾತ್ರೋರಾತ್ರಿ ಮೂಲೆಯ ಖಾಲಿ ಸೈಟಿನಲ್ಲಿ ಸುರಿದು ಹೋದರೆ ಕಾರ್ಪೊರೇಷನ್ನಿನವರು ಬಂದು ನಿಲ್ಲುವುದು ನಿನ್ನ ಗೇಟಿನ ಮುಂದೆ. ಸಿಮೆಂಟು ಮೂಟೆ, ಎಂ ಸ್ಯಾಂಡ್ ಮೇಲೆ ಹೊರುವ ಕೂಲಿ ಯಾರದು? ಜಿಎಸ್‌ಟಿ ಸೇರಿದೆಯೋ, ಮೇಲೆ 18 ಪರ್ಸೆಂಟ್ ಬೀಳುತ್ತದೋ? ನೋಂದಣಿಯೇ ಇಲ್ಲದವನು ಜಿಎಸ್‌ಟಿ ಅಂತ ಕೇಳುವ ಹಾಗೇ ಇಲ್ಲ, ನಂಬರು ಕೇಳು. ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇನೆ ಅಂದವನಿಗೆ ಬೇಡ ಅನ್ನು. ನಾಳೆ ಸೋರಿದರೆ ತೋರಿಸಲು ನಿನ್ನ ಕೈಯಲ್ಲಿ ಇರುವುದು ಆ ಬಿಲ್ಲೊಂದೇ.

ದುಡ್ಡಿನ ವಿಷಯ. ಅರ್ಧ ಅಡ್ವಾನ್ಸ್ ಕೇಳುವವನು ನಿನ್ನ ದುಡ್ಡಿನಲ್ಲಿ ಇನ್ನೊಬ್ಬರ ಮನೆಯ ಬಾಕಿ ಕೆಲಸ ಮುಗಿಸುತ್ತಾನೆ, ಇದು ನಮ್ಮ ಕಡೆ ಹಳೇ ಕಾಯಿಲೆ. ಶುರುವಿಗೆ ಹತ್ತು ಪರ್ಸೆಂಟ್ ಕೊಡು. ಪ್ಲಂಬಿಂಗ್ ಆದಮೇಲೆ, ನೀರಿನ ಪರೀಕ್ಷೆ ಆದಮೇಲೆ, ಟೈಲ್ಸ್ ಮುಗಿದ ಮೇಲೆ ಅಂತ ಕಂತು ಮಾಡು. ಕೊನೆಯ ಹತ್ತನ್ನು ಒಂದೆರಡು ತಿಂಗಳು ಬಳಸಿ ನೋಡಿದ ಮೇಲೆ ಕೊಡುವುದಾಗಿ ಮೊದಲೇ ಬಾಯಿಬಿಟ್ಟು ಹೇಳು. "ಎಕ್ಸ್‌ಟ್ರಾ" ಅನ್ನುವ ಮಾತು ಬಂದಾಗಲೆಲ್ಲ ಕೆಲಸಕ್ಕೆ ಮುಂಚೆ ವಾಟ್ಸಾಪಿನಲ್ಲಿ ರೇಟು ಬರಲಿ.

ಇಷ್ಟೆಲ್ಲ ಕಾಗದದ ಮಾತು. ಇನ್ನು ಮನುಷ್ಯನನ್ನು ನೋಡುವ ಬಗೆ ಇದೆ. ಬಾಗಿಲಲ್ಲೇ ನಿಂತು ರೇಟು ಹೇಳಿದವನನ್ನು ನಾನಂತೂ ಕರೆಯುವುದಿಲ್ಲ. ನನಗೆ ಬೇಕಾದವನು ಬಗ್ಗಿ ಟೈಲ್ಸನ್ನು ಗೆಣ್ಣಿನಿಂದ ಕುಟ್ಟಿ ಪೊಳ್ಳು ಸದ್ದು ಕೇಳುವವನು, ಚೇಂಬರಿನ ಮುಚ್ಚಳ ತೆಗೆಸುವವನು, ತೇವ ಮಳೆಗಾಲದಲ್ಲಿ ಮಾತ್ರವೋ ವರ್ಷವಿಡೀಯೋ ಅಂತ ಕೇಳುವವನು. ಅಂಥವನು ಹದಿನೈದು ಸಾವಿರ ಜಾಸ್ತಿ ಅಂದರೂ ಅವನಿಗೇ ಕೊಡು. ಅವನನ್ನು ಹಿಂಡಿ ಕಡಿಮೆ ಮಾಡಿಸಬೇಡ. ಎಂಟು ಸಾವಿರ ಇಳಿಸಿದೆ ಅಂತ ನೀನು ಖುಷಿಪಡುವಾಗ ಅವನು ಒಂದು ಕೋಟು ಇಳಿಸಿರುತ್ತಾನೆ. ಒಬ್ಬನ ಕೊಟೇಶನ್ನನ್ನು ಇನ್ನೊಬ್ಬನಿಗೆ ತೋರಿಸುವುದೂ ಸರಿಯಲ್ಲ. ಊರು ಎಷ್ಟೇ ದೊಡ್ಡದಾದರೂ ಮೇಸ್ತ್ರಿಗಳ ಲೋಕ ಸಣ್ಣದು, ನಿನ್ನ ಮಾತು ನಿನಗಿಂತ ಮುಂಚೆ ತಲುಪಿರುತ್ತದೆ.

ಆಷಾಢದಲ್ಲಿ ಮೇಸ್ತ್ರಿಗಳಿಗೆ ಸ್ವಲ್ಪ ಬಿಡುವು, ಆಗಲೇ ಕರೆಸಿ ತೋರಿಸು. ದಸರಾ ಹತ್ತಿರ ಬಂದರೆ ಬಣ್ಣದವರಂತೂ ಕೈಗೆ ಸಿಗುವುದಿಲ್ಲ. ಒಬ್ಬನನ್ನು ಗೊತ್ತು ಮಾಡಿದ ಮೇಲೆ ಉಳಿದ ಇಬ್ಬರಿಗೂ ನೀನೇ ಫೋನು ಮಾಡಿ, ಬೇರೆಯವರಿಗೆ ಕೊಟ್ಟೆ ಅಂತ ತಿಳಿಸು. ಅವರು ಪೆಟ್ರೋಲು ಸುಟ್ಟು, ಅರ್ಧ ದಿನದ ಕೆಲಸ ಬಿಟ್ಟು ನಿನ್ನ ಮನೆಗೆ ಬಂದವರು. ಹೊಸ ಪಟ್ಟಿ ಬರೆದಾದ ಮೇಲೆ ಮೂವರಿಗೂ ಕಳಿಸುವ ಮೊದಲು ನನಗೊಂದು ಫೋಟೋ ಹಾಕು, ಬಿಟ್ಟುಹೋದದ್ದು ಇದ್ದರೆ ಸೇರಿಸುತ್ತೇನೆ.

ನಿನ್ನ
ದೊಡ್ಡಪ್ಪ