ಪೈಥಾನ್: ಹೊಸಬರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ‘ಪೈಥಾನ್ ಕಲಿ’ ಎಂದು ಎಲ್ಲರೂ ಹೇಳುತ್ತಾರೆ. ಹಾಗೆಂದರೇನು? ಅದರಿಂದ ನನಗೇನು ಉಪಯೋಗ? ಚುಟುಕಾಗಿ ತಿಳಿಸಿ.
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಕಂಪ್ಯೂಟರಿನಿಂದ ಕೆಲಸ ಮಾಡಿಸಲು ಬರೆದುಕೊಡುವ ಸೂಚನೆಗಳ ಭಾಷೆ ಪೈಥಾನ್. ನೆದರ್ಲೆಂಡ್ಸ್‌ನ ಗೀಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. 1991ರಲ್ಲಿ ಇದು ಹೊರಬಂತು. ಬರೆದದ್ದನ್ನು ಇನ್ನೊಬ್ಬರು ಸಲೀಸಾಗಿ ಓದುವಂತಿರಬೇಕು ಎಂಬುದೇ ಇದರ ಧೋರಣೆ. ಸಿ, ಜಾವಾಗಳಲ್ಲಿ ಸುರುಳಿ ಕಂಸ ಹಾಕಿ ತೋರಿಸುವ ಗುಂಪನ್ನು ಇಲ್ಲಿ ಸಾಲುಗಳನ್ನು ಒಳಕ್ಕೆ ಸರಿಸಿ ತೋರಿಸುತ್ತಾರೆ. ನಾಲ್ಕು ಸ್ಪೇಸ್ ಬಿಡುವುದು ರೂಢಿ. ಅದು ಏರುಪೇರಾದರೆ ಪ್ರೋಗ್ರಾಮ್ ಓಡುವುದಿಲ್ಲ.

ನಿಮ್ಮ ಓದಿಗೂ ಇದು ಹತ್ತಿರದ್ದೇ. ಹನ್ನೆರಡು ತಿಂಗಳ ಹನ್ನೆರಡು ಎಕ್ಸೆಲ್ ಫೈಲುಗಳಿಂದ ಜಿಎಸ್‌ಟಿ ಮೊತ್ತವನ್ನಷ್ಟೇ ಹೆಕ್ಕಿ ಕೂಡಿಸುವ ಕೆಲಸವನ್ನು ಒಮ್ಮೆ ಬರೆದಿಟ್ಟರೆ, ಮುಂದಿನ ವರ್ಷವೂ ಅದೇ ಪ್ರೋಗ್ರಾಮ್ ನಡೆಯುತ್ತದೆ.

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನಿಂದ ಆಗುತ್ತದೆಯೇ? ಕನ್ನಡದಲ್ಲೇ ಕೋಡ್ ಬರೆಯಬಹುದೇ?
– ಪಿಯುಸಿ ವಿದ್ಯಾರ್ಥಿ, ಸಿಂಧನೂರು

ಉತ್ತರ: ಖಂಡಿತ ಆಗುತ್ತದೆ. ಇಫ್, ಎಲ್ಸ್, ಫಾರ್, ವೈಲ್ ಮುಂತಾಗಿ ಪೈಥಾನ್ ತನಗೆಂದು ಕಾದಿರಿಸಿಕೊಂಡ ಪದಗಳು 35. ಇವನ್ನೂ ಪ್ರಿಂಟ್‌ನಂಥ ಆದೇಶಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಉಳಿದಂತೆ ಕನ್ನಡಕ್ಕೆ ಸಾಕಷ್ಟು ಜಾಗವಿದೆ. 2008ರಲ್ಲಿ ಬಂದ ಪೈಥಾನ್ 3 ಯೂನಿಕೋಡ್ ಅಕ್ಷರಗಳನ್ನು ಒಪ್ಪುತ್ತದೆ; ಹಾಗಾಗಿ ‘ಬೆಲೆ’, ‘ಒಟ್ಟು’ ಎಂಬ ಹೆಸರುಗಳಲ್ಲೇ ಲೆಕ್ಕ ಇಟ್ಟುಕೊಳ್ಳಬಹುದು. ‘೧೨’ ಎಂಬ ಪಠ್ಯವನ್ನು ಇಂಟ್ ಎಂಬ ಆದೇಶಕ್ಕೆ ಕೊಟ್ಟರೆ ಅದನ್ನು 12 ಎಂದೇ ಓದಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ‘ಕನ್ನಡ’ ಎಂಬುದರ ಉದ್ದವೆಷ್ಟು ಎಂದು ಪೈಥಾನನ್ನು ಕೇಳಿದರೆ ಉತ್ತರ ಮೂರಲ್ಲ, ಐದು. ಯೂನಿಕೋಡ್‌ನಲ್ಲಿ ಅದು ಕ, ನ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ಮತ್ತೆ ನ, ಕೊನೆಗೆ ಡ ಎಂದು ಕೂತಿರುತ್ತದೆ. ಪದ್ಯಕ್ಕೆ ಪ್ರಸ್ತಾರ ಹಾಕಿ ಮಾತ್ರೆ ಎಣಿಸುವ ಪ್ರೋಗ್ರಾಮ್ ಬರೆಯಹೊರಟವರು ಮೊದಲು ಎಡವುವುದು ಇಲ್ಲೇ. ತಪ್ಪಿನ ಸಂದೇಶಗಳು ಇಂಗ್ಲಿಷಿನಲ್ಲೇ ಬರುತ್ತವೆ. ಹೆದರದೆ ಕೊನೆಯ ಸಾಲನ್ನು ಮೊದಲು ಓದಿ. ತಪ್ಪು ಯಾವ ಬಗೆಯದು ಎಂಬುದು ಅಲ್ಲಿರುತ್ತದೆ.

ಪ್ರಶ್ನೆ: ನಿವೃತ್ತನಾದ ಮೇಲೆ ಹವ್ಯಾಸಕ್ಕೆಂದು ಕಲಿಯುತ್ತಿದ್ದೇನೆ. ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಮ್ ಬರೆದೆ. 10 ಮತ್ತು 20 ಕೊಟ್ಟರೆ 1020 ಬರುತ್ತಿದೆ. ಯಾಕೆ?
– ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ಕೀಬೋರ್ಡಿನಿಂದ ಬಂದದ್ದು ಏನೇ ಇರಲಿ, ಇನ್‌ಪುಟ್ ಆದೇಶ ಅದನ್ನು ಪಠ್ಯವೆಂದೇ ಕೊಡುತ್ತದೆ. ಪಠ್ಯಗಳ ನಡುವೆ ಪ್ಲಸ್ ಹಾಕಿದರೆ ಒಂದರ ಪಕ್ಕಕ್ಕೆ ಇನ್ನೊಂದು ಅಂಟಿಕೊಳ್ಳುತ್ತದೆ. ಎರಡನ್ನೂ ಇಂಟ್ ಆದೇಶದಿಂದ ಪೂರ್ಣಾಂಕ ಮಾಡಿ ಕೂಡಿಸಿ, 30 ಬರುತ್ತದೆ. ಒಂದನ್ನು ಮಾತ್ರ ಬದಲಿಸಿದರೆ ಪೈಥಾನ್ ತಪ್ಪು ತೋರಿಸಿ ನಿಂತುಬಿಡುತ್ತದೆ. ಪಠ್ಯಕ್ಕೂ ಸಂಖ್ಯೆಗೂ ಕೂಡುವ ಸಂಬಂಧವನ್ನು ಅದು ತಾನಾಗಿ ಊಹಿಸುವುದಿಲ್ಲ. ಬ್ಯಾಂಕಿನವರಾದ್ದರಿಂದ ಇದನ್ನೂ ಹೇಳುತ್ತೇನೆ: 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಎಂದು ಬರುತ್ತದೆ. ಕಂಪ್ಯೂಟರು ದಶಮಾಂಶಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರ ಫಲವಿದು. ಹಣದ ಲೆಕ್ಕಕ್ಕೆ ಪೈಥಾನಿನಲ್ಲೇ ಇರುವ ಡೆಸಿಮಲ್ ಎಂಬ ಮಾಡ್ಯೂಲ್ ಬಳಸಿ.

ಪ್ರಶ್ನೆ: ಮಗನಿಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿ ಕಲಿಸುತ್ತಿದ್ದಾರೆ. ಪೈಥಾನ್ ಇರುವಾಗ ಅದು ದಂಡವಲ್ಲವೇ?
– ಪೋಷಕರು, ತುಮಕೂರು

ಉತ್ತರ: ದಂಡವಲ್ಲ. ವೇಗದಲ್ಲಿ ಸಿ ಬಹಳ ಮುಂದು. ಅದರ ಪ್ರೋಗ್ರಾಮು ನೇರ ಯಂತ್ರಭಾಷೆಗೆ ಇಳಿಯುತ್ತದೆ. ಪೈಥಾನಿನದು ಬೈಟ್‌ಕೋಡ್ ಆಗಿ, ಇಂಟರ್‌ಪ್ರಿಟರ್ ಮೂಲಕ ನಡೆಯುತ್ತದೆ. ಎಲ್ಲರೂ ಬಳಸುವ ಪೈಥಾನ್ ಇಂಟರ್‌ಪ್ರಿಟರನ್ನು ಬರೆದಿರುವುದೂ ಸಿ ಭಾಷೆಯಲ್ಲೇ. ಸಿ ಕಲಿತವನಿಗೆ ಪೈಥಾನ್ ಬೇಗ ಒಲಿಯುತ್ತದೆ.

ಪ್ರಶ್ನೆ: ಕೋರ್ಸಿಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಅವೆನ್ಯೂ ರಸ್ತೆಯಲ್ಲಿ ಒಂದು ಹಳೇ ಪೈಥಾನ್ ಪುಸ್ತಕ ಸಿಕ್ಕಿದೆ. ಸಾಕೇ?
– ಡಿಪ್ಲೊಮಾ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಪುಸ್ತಕದಲ್ಲಿ ಪ್ರಿಂಟ್ ಪದದ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಪೈಥಾನ್ 2ರ ಕಾಲದ್ದು. ಆ ಆವೃತ್ತಿಗೆ 2020ರ ಜನವರಿ 1ರಂದೇ ಬೆಂಬಲ ನಿಂತಿದೆ; ಪುಸ್ತಕ ಬದಲಿಸಿ. ಪೈಥಾನ್ ತಂತ್ರಾಂಶವೂ ಅದರ ಅಧಿಕೃತ ಪಾಠಗಳೂ ಉಚಿತ. ಮೊದಲು ಅವನ್ನು ಮುಗಿಸಿ, ಪ್ರತಿ ಉದಾಹರಣೆಯನ್ನೂ ಕಾಪಿ ಮಾಡದೆ ಕೈಯಾರೆ ಟೈಪ್ ಮಾಡಿ. ನಿಮ್ಮದೇ ಒಂದು ಸಣ್ಣ ಪ್ರೋಗ್ರಾಮ್ ಬರೆದ ಮೇಲೂ ಕೋರ್ಸ್ ಬೇಕೆನಿಸಿದರೆ ಆಗ ದುಡ್ಡು ಕಟ್ಟಿ.